ಚಿತ್ರದ ಮೀನು, ತಕ್ಕಡಿಯ ಮೀನು

1949ರ ಅಕ್ಟೋಬರ್ 20ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫ್ಲೋವೇಜ್ ಎಂಬ ಹಿನ್ನೀರಿನಲ್ಲಿ ಲೂಯಿ ಸ್ಪ್ರೇ ಎಂಬ ಗಾಳಗಾರ ಒಂದು ಮಸ್ಕಿ ಮೀನು ಹಿಡಿದ. ತೂಕ 69 ಪೌಂಡ್ 11 ಔನ್ಸ್, ಉದ್ದ ಅರವತ್ತಮೂರೂವರೆ ಇಂಚು ಎಂದು ದಾಖಲಾಯಿತು. ಹುಲ್ಲು ತುಂಬಿಸಿಟ್ಟಿದ್ದ ಮೀನು ಮುಂದೆ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಕೆಲವು ಕಪ್ಪುಬಿಳುಪು ಫೋಟೋಗಳು, ತೂಕ ನೋಡಿದವರ ಹೇಳಿಕೆಗಳು, ಮತ್ತು ಇಂದಿಗೂ ಆರದ ಒಂದು ಜಗಳ.

ಜಗಳದ ಮೊದಲ ಸುತ್ತಿನಲ್ಲಿ ಸ್ಪ್ರೇ ಆರೋಪಿಯೇ ಅಲ್ಲ. 1957ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಟ್ ಲಾಟನ್ ಸೇಂಟ್ ಲಾರೆನ್ಸ್ ನದಿಯಲ್ಲಿ 69 ಪೌಂಡ್ 15 ಔನ್ಸಿನ ಮಸ್ಕಿ ಹಿಡಿದೆನೆಂದು ಹೇಳಿ ಅವನ ದಾಖಲೆಯನ್ನು ನಾಲ್ಕೇ ಔನ್ಸಿನಿಂದ ಹಿಂದಿಕ್ಕಿದ್ದ. ವಿಸ್ಕಾನ್ಸಿನ್ನಿನ ಜಾನ್ ಡೆಟ್‌ಲಾಫ್ ಎಂಬ ಮಸ್ಕಿ ಚರಿತ್ರೆಕಾರ ಆ ಫೋಟೋಗಳನ್ನು ಕೆದಕಿ ಕೂತರು. ಚಿತ್ರದಲ್ಲಿರುವ ಮೀನು ಹೇಳಿದಷ್ಟು ದೊಡ್ಡದಲ್ಲ ಎಂಬ ಅವರ ವಾದಕ್ಕೆ ಮನ್ನಣೆ ಸಿಕ್ಕಿ, 1992ರಲ್ಲಿ ಲಾಟನ್ ದಾಖಲೆ ರದ್ದಾಯಿತು. ಕಿರೀಟ ಮತ್ತೆ ಸ್ಪ್ರೇ ತಲೆಗೆ ಬಂತು. ಆದರೆ ಒಬ್ಬರ ಮೇಲೆ ಬೀಸಿದ ಕತ್ತಿ ಇನ್ನೊಬ್ಬರ ಮೇಲೂ ಬೀಸಬಹುದಲ್ಲ. 2005ರಲ್ಲಿ ವರ್ಲ್ಡ್ ರೆಕಾರ್ಡ್ ಮಸ್ಕಿ ಅಲಯನ್ಸ್ ಎಂಬ ಗುಂಪು ಸ್ಪ್ರೇ ಫೋಟೋಗಳನ್ನೇ ತಜ್ಞರಿಂದ ಅಳೆಸಿತು. ನಿಂತ ಮನುಷ್ಯನ ಎತ್ತರ, ಕ್ಯಾಮೆರಾದ ಕೋನ, ಮೀನು ತೂಗಿದ ಜಾಗ ಎಲ್ಲವನ್ನೂ ಲೆಕ್ಕ ಹಾಕಿ ಅವರು ಹೇಳಿದ್ದು: ಮೀನಿನ ಉದ್ದ ಐವತ್ತನಾಲ್ಕು ಇಂಚಿನ ಆಸುಪಾಸು.

ಒಂಬತ್ತೂವರೆ ಇಂಚಿನ ವ್ಯತ್ಯಾಸ ಕೇಳುವುದಕ್ಕೆ ಸಣ್ಣದು. ಮೀನಿನ ತೂಕ ಮಾತ್ರ ಉದ್ದದ ಜೊತೆ ನೇರವಾಗಿ ಏರುವುದಿಲ್ಲ, ಸುಮಾರಾಗಿ ಉದ್ದದ ಘನದಂತೆ ಏರುತ್ತದೆ. ಅದೇ ಮೈಕಟ್ಟಿನ ಮೀನು ಅರವತ್ತಮೂರೂವರೆ ಇಂಚಿಗೆ ಎಪ್ಪತ್ತು ಪೌಂಡ್ ತೂಗಿದರೆ, ಐವತ್ತನಾಲ್ಕು ಇಂಚಿಗೆ ತೂಗುವುದು ನಲವತ್ತಮೂರು ಪೌಂಡು. ಮೊದಲನೆಯದು ವಿಶ್ವದಾಖಲೆ, ಎರಡನೆಯದು ಒಂದು ಒಳ್ಳೆಯ ದಿನದ ಬೇಟೆ. ದಾಖಲೆಯನ್ನು ಕಾಯುವ ಫ್ರೆಶ್ ವಾಟರ್ ಫಿಶಿಂಗ್ ಹಾಲ್ ಆಫ್ ಫೇಮ್ 2006ರ ಜನವರಿಯಲ್ಲಿ ಆಕ್ಷೇಪವನ್ನು ತಳ್ಳಿಹಾಕಿತು. ಆ ಸಂಸ್ಥೆ ಇರುವುದು ಸ್ಪ್ರೇ ಮೀನು ಹಿಡಿದ ಸೀಮೆಯ ಹೇವರ್ಡ್ ಪಟ್ಟಣದಲ್ಲಿ. ಅದರ ಅಂಗಳದಲ್ಲಿ ಜನ ಒಳಹೊಕ್ಕು ಬಾಯಲ್ಲಿ ನಿಂತು ನೋಡುವಂಥ, 140 ಅಡಿಗೂ ಉದ್ದದ ಫೈಬರ್‌ಗ್ಲಾಸ್ ಮಸ್ಕಿಯೊಂದಿದೆ. ತೀರ್ಪಿಗೂ ಆ ಪ್ರತಿಮೆಗೂ ಸಂಬಂಧವಿದೆ ಎಂದು ಯಾರೂ ಸಾಧಿಸಿಲ್ಲ. ಆದರೆ ಮಸ್ಕಿ ಮೀನಿನ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುವ ಊರು ತನ್ನ ಮೀನಿನ ಬಗ್ಗೆ ತಾನೇ ನ್ಯಾಯ ಹೇಳುವುದು ಅಷ್ಟೇನೂ ಹಿತವಾದ ಏರ್ಪಾಡಲ್ಲ.

ಈ ವ್ಯಾಜ್ಯದಲ್ಲಿ ಗಮನಿಸಬೇಕಾದದ್ದು ಯಾರು ಗೆದ್ದರು ಎನ್ನುವುದಲ್ಲ. ಸ್ಪ್ರೇ ಫೋಟೋಗಳು ಕೃತಕವೆಂದು, ಕತ್ತರಿಸಿ ಅಂಟಿಸಿದ್ದೆಂದು ಎದುರಾಳಿಗಳೂ ವಾದ ಕಟ್ಟಲಿಲ್ಲ. ಮನುಷ್ಯ ನಿಜ, ಮೀನು ನಿಜ, ಫಿಲ್ಮು ನಿಜ. ಪ್ರಶ್ನೆ ಇದ್ದದ್ದು ಚಿತ್ರದ ಜೊತೆಗೆ ಹೇಳಿದ ಸಂಖ್ಯೆಯ ಬಗ್ಗೆ. ದೊಡ್ಡ ಮೀನಿನ ಫೋಟೋ ಮೊಬೈಲಿಗೆ ಬಂದೊಡನೆ ‘ಇದು ಅಸಲಿಯೋ ನಕಲಿಯೋ’ ಎಂದು ಕೇಳುವವರು ಬಹುಪಾಲು ತಪ್ಪು ಬಾಗಿಲು ತಟ್ಟುತ್ತಿರುತ್ತಾರೆ. ಫೋಟೋ ಅಸಲಿಯಾಗಿದ್ದೂ ಮೀನು ಚಿಕ್ಕದಿರಬಹುದು. ಮೀನು ದೊಡ್ಡದೇ ಆಗಿದ್ದೂ ಹಿಡಿದ ಕತೆ ಸುಳ್ಳಿರಬಹುದು. ಇವು ಬೇರೆ ಬೇರೆ ಪ್ರಶ್ನೆಗಳು, ಒಂದೊಂದಕ್ಕೂ ಬೇರೆ ಪುರಾವೆ ಬೇಕು.

ಗಾತ್ರದ ಮೋಸಕ್ಕೆ ಕಂಪ್ಯೂಟರೇ ಬೇಡ, ಒಂದು ಜೊತೆ ತೋಳು ಸಾಕು. ಲೆನ್ಸಿನಿಂದ ವಸ್ತು ಎಷ್ಟು ದೂರವೋ ಚಿತ್ರದಲ್ಲಿ ಅದು ಅಷ್ಟು ಚಿಕ್ಕದು. ಕ್ಯಾಮೆರಾ ಗಾಳಗಾರನ ಎದೆಯಿಂದ ನಾಲ್ಕು ಅಡಿ ದೂರದಲ್ಲಿದ್ದು, ಅವನು ತೋಳು ಚಾಚಿ ಮೀನನ್ನು ಎರಡು ಅಡಿ ಮುಂದಕ್ಕೆ ಹಿಡಿದನೆನ್ನಿ. ಅವನ ಮೈಗೆ ಹೋಲಿಸಿದರೆ ಮೀನು ಇದ್ದುದರ ಎರಡರಷ್ಟು ಕಾಣುತ್ತದೆ. ಅದೇ ಭಂಗಿಯನ್ನು ಹನ್ನೆರಡು ಅಡಿ ದೂರ ನಿಂತು ತೆಗೆದರೆ ಹಿಗ್ಗುವುದು ಐದನೇ ಒಂದು ಭಾಗ ಮಾತ್ರ. ವೈಡ್ ಲೆನ್ಸ್ ಮೀನನ್ನು ಉಬ್ಬಿಸುತ್ತದೆ ಎನ್ನುವ ಮಾತು ಅರ್ಧ ಸತ್ಯ. ಉಬ್ಬಿಸುವುದು ಹತ್ತಿರದಿಂದ ತೆಗೆಯುವ ಕ್ರಿಯೆ. ಅಷ್ಟು ಹತ್ತಿರ ನಿಂತರೂ ಇಡೀ ಮನುಷ್ಯ ಚೌಕಟ್ಟಿನಲ್ಲಿ ಹಿಡಿಸುವಂತೆ ಮಾಡುವುದು ವೈಡ್ ಲೆನ್ಸ್. ಇಂದಿನ ಪ್ರತಿ ಮೊಬೈಲಿನ ಮುಖ್ಯ ಕ್ಯಾಮೆರಾ ಅಂಥದ್ದೇ. ಹೀಗಾಗಿ ಮೋಸ ಮಾಡುವ ಇರಾದೆಯೇ ಇಲ್ಲದವನ ಫೋಟೋದಲ್ಲೂ ಮೀನು ಒಂದಿಷ್ಟು ಬೆಳೆದೇ ಬಂದಿರುತ್ತದೆ.

ಇದನ್ನು ಹಿಡಿಯುವ ದಾರಿಯೂ ಅದೇ ಲೆಕ್ಕದಲ್ಲಿದೆ. ಮೀನಿನಷ್ಟೇ ದೂರದಲ್ಲಿರುವ ವಸ್ತು ಸುಳ್ಳು ಹೇಳಲಾರದು. ಮೀನಿನ ಹೊಟ್ಟೆಯ ಕೆಳಗಿನ ಬೆರಳುಗಳು ಮೀನಿನ ಜೊತೆಗೇ ಮುಂದೆ ಬಂದಿರುತ್ತವೆ, ಅವೂ ಅಷ್ಟೇ ಹಿಗ್ಗಿರುತ್ತವೆ. ಒಂದು ಬೆರಳು ಅವನ ಕಿವಿಗಿಂತ ದಪ್ಪ ಕಂಡರೆ ತೋಳು ಎಷ್ಟು ಚಾಚಿದೆ ಎಂಬುದು ತಿಳಿದಂತೆಯೇ. ಪಳಗಿದ ಕೈಗಳಿಗೆ ಇದು ಗೊತ್ತು; ಅವರು ಬೆರಳುಗಳನ್ನು ಮೀನಿನ ಹಿಂದೆ ಅಡಗಿಸಿ, ಅಂಗೈ ಮೇಲೆ ಮೀನನ್ನು ಕೂರಿಸುತ್ತಾರೆ. ಆಗ ಮೀನನ್ನೇ ಕೇಳಬೇಕು. ಮೀನು ಬೆಳೆದ ವೇಗದಲ್ಲಿ ಅದರ ಕಣ್ಣು ಬೆಳೆಯುವುದಿಲ್ಲ. ಮರಿ ಮೀನಿನ ತಲೆಯಲ್ಲಿ ಕಣ್ಣು ಎದ್ದು ಕಾಣುತ್ತದೆ, ಮುದಿ ಮೀನಿನ ತಲೆಯಲ್ಲಿ ಗುಂಡಿಯಷ್ಟು. ಕ್ಯಾಮೆರಾ ಮೀನನ್ನು ಎಷ್ಟೇ ಉಬ್ಬಿಸಲಿ, ಕಣ್ಣಿಗೂ ತಲೆಗೂ ಇರುವ ಅನುಪಾತ ಹೆಚ್ಚು ಕದಲುವುದಿಲ್ಲ. ಇಪ್ಪತ್ತು ಕಿಲೋ ಎಂದು ಹೇಳಿಕೊಂಡ ಮೀನಿಗೆ ಮರಿಯ ಕಣ್ಣಿದ್ದರೆ, ಹೇಳಿದವನು ಉತ್ತರ ಕೊಡಬೇಕಾಗುತ್ತದೆ.

ಫೋಟೋವನ್ನೇ ತಿದ್ದುವ ವಿದ್ಯೆಯೂ ಹೊಸದೇನಲ್ಲ. 1908ರ ಸುಮಾರಿಗೇ ಕಾನ್ಸಸ್ ರಾಜ್ಯದ ಒಟಾವಾ ಎಂಬ ಊರಿನಲ್ಲಿ ವಿಲಿಯಂ ಮಾರ್ಟಿನ್ ಎಂಬ ಫೋಟೋಗ್ರಾಫರ್ ಬಂಡಿ ತುಂಬುವಷ್ಟು ದೊಡ್ಡ ಈರುಳ್ಳಿ, ದೋಣಿಗಿಂತ ದೊಡ್ಡ ಮೀನುಗಳ ಪೋಸ್ಟ್‌ಕಾರ್ಡ್ ಮಾಡಿ ಹಣ ಗಳಿಸಿದ್ದ. ಕೊಂಡವರಿಗೆ ತಮಾಷೆ ಗೊತ್ತಿತ್ತು. ಈಗ ಕೃತಕ ಬುದ್ಧಿಮತ್ತೆ ನಾಲ್ಕು ಪದ ಕೊಟ್ಟರೆ ಮೀನು, ನದಿ, ಬೆವರಿದ ಗಾಳಗಾರ ಎಲ್ಲವನ್ನೂ ಕೊಡುತ್ತದೆ, ತಮಾಷೆ ಎಂಬ ಸೂಚನೆಯನ್ನು ಮಾತ್ರ ಕೊಡುವುದಿಲ್ಲ. ಸದ್ಯಕ್ಕೆ ಮೀನು ಬಲ್ಲವರ ಕಣ್ಣಿಗೆ ಅದು ಸಿಕ್ಕಿಬೀಳುವುದುಂಟು. ನಮ್ಮ ನದಿಗಳ ಮಹಶೀರ್ ಮೀನಿಗೆ ಬಾಯಿಯ ಬದಿಯಲ್ಲಿ ಎರಡು ಜೊತೆ ಮೀಸೆ, ಬೆನ್ನ ಮೇಲೆ ಒಂದೇ ರೆಕ್ಕೆ, ಅಂಗೈ ಅಗಲಕ್ಕೂ ಬೆಳೆಯುವ ಹುರುಪೆ. ಪಕ್ಕದ ಗೆರೆಯುದ್ದಕ್ಕೆ ಎಣಿಸಿದರೆ ಆ ಹುರುಪೆ ಮೂವತ್ತರ ಆಚೀಚೆ. ಯಂತ್ರ ಬರೆದ ಮಹಶೀರ್‌ಗೆ ಐದನೇ ಮೀಸೆ ಬಂದಿರಬಹುದು, ಬಾಲದ ಹತ್ತಿರ ಹುರುಪೆಗಳು ಒಂದರೊಳಗೊಂದು ಕರಗಿರಬಹುದು. ಈ ಜಾಣತನದ ಆಯುಷ್ಯ ಬಹಳವಿಲ್ಲ. ಇಂದು ಹಿಡಿದುಕೊಟ್ಟ ತಪ್ಪು ನಾಳೆಯ ಯಂತ್ರದಲ್ಲಿ ಇರುವುದಿಲ್ಲ. ಇನ್ನು ಫೋಟೋ ಫೈಲಿನೊಳಗಿನ ದಿನಾಂಕ, ಕ್ಯಾಮೆರಾ ವಿವರಗಳನ್ನು ನಂಬೋಣವೆಂದರೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದೊಡನೆ ಅವು ಉದುರಿಹೋಗುತ್ತವೆ. ವಿವರ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಕಳ್ಳ ಎನ್ನುವಂತಿಲ್ಲ. ಮೂಲ ಫೈಲನ್ನೂ ಅದರ ಹಿಂದುಮುಂದಿನ ನಾಲ್ಕು ಫೋಟೋಗಳನ್ನೂ ಕೇಳುವುದು ಇದಕ್ಕಿಂತ ಒಳ್ಳೆಯ ಕ್ರಮ: ನೀರಿನಲ್ಲಿ, ಬಲೆಯಲ್ಲಿ, ಕೈಯಲ್ಲಿ, ಮತ್ತೆ ನೀರಿನಲ್ಲಿ. ಒಂದು ಸುಳ್ಳು ಚಿತ್ರ ಹುಟ್ಟಿಸುವುದು ಸುಲಭ. ಒಂದೇ ಮೀನಿನ ಗಾಯ, ಕಲೆ, ಹರಿದ ರೆಕ್ಕೆ ಎಲ್ಲ ಕೋನದಲ್ಲೂ ತಾಳೆಯಾಗುವ ಹತ್ತು ಚಿತ್ರ ಹುಟ್ಟಿಸುವುದು ಅಷ್ಟು ಸುಲಭವಲ್ಲ.

ಕಲೆಗಳ ಮಾತು ಬಂದಿದ್ದರಿಂದ ಗರ್ನ್‌ಸಿ ದ್ವೀಪದ ಪ್ರಕರಣವನ್ನು ಹೇಳಲೇಬೇಕು. 2012ರಲ್ಲಿ ಅಲ್ಲಿ ನಡೆದ ಬಾಸ್ ಮೀನಿನ ಸ್ಪರ್ಧೆಯಲ್ಲಿ ಒಬ್ಬಾತ 13 ಪೌಂಡ್ 13 ಔನ್ಸಿನ ಮೀನು ತಂದ. ತಕ್ಕಡಿಯಲ್ಲಿ ಮೋಸವಿರಲಿಲ್ಲ, ಫೋಟೋದಲ್ಲಿ ಮೋಸವಿರಲಿಲ್ಲ. ಆದರೆ ಫೋಟೋ ಅಚ್ಚಾದಾಗ ಅಲ್ಲಿನ ಸೇಂಟ್ ಪೀಟರ್ ಪೋರ್ಟಿನ ಅಕ್ವೇರಿಯಂ ಸಿಬ್ಬಂದಿ ಮೀನಿನ ಮೈಮೇಲಿನ ಗುರುತು ನೋಡಿ ಬೆರಗಾದರು: ಅದು ಅವರದೇ ತೊಟ್ಟಿಯಿಂದ ಕಾಣೆಯಾಗಿದ್ದ ಮೀನು! ಆತ ಕೊನೆಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಕಳ್ಳನ ಕೈಯಲ್ಲಿದ್ದ ಅಸಲಿ ಫೋಟೋವೇ ಅವನನ್ನು ಹಿಡಿದುಕೊಟ್ಟಿತು. ಫೋಟೋ ತೆಗೆಸಿಕೊಂಡವನು ತೋರಿಸಬೇಕೆಂದುಕೊಂಡದ್ದು ಗಾತ್ರ. ಚೌಕಟ್ಟಿನಲ್ಲಿ ಅವನಿಗೆ ಅರಿವಿಲ್ಲದೆ ಬಂದದ್ದು ಗುರುತು. ಸಾಕ್ಷಿಯ ಬೆಲೆ ಇರುವುದು ಸಾಮಾನ್ಯವಾಗಿ ಈ ಎರಡನೆಯದಕ್ಕೆ.

ತಕ್ಕಡಿಯೇ ಕೊನೆಯ ಮಾತು ಎಂದುಕೊಂಡವರಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ನೆನಪಿರಲಿ. 2022ರ ಸೆಪ್ಟೆಂಬರ್ 30ರಂದು ಈರಿ ಸರೋವರದ ವಾಲೈ ಮೀನಿನ ಸ್ಪರ್ಧೆಯಲ್ಲಿ ಗೆದ್ದ ಮೀನುಗಳು ನೋಡಲು ಅಷ್ಟು ದೊಡ್ಡವಿರದೆ ತೂಕ ಮಾತ್ರ ವಿಪರೀತ ಬಂತು. ಆಯೋಜಕರು ಅಲ್ಲೇ ಹೊಟ್ಟೆ ಸೀಳಿದರೆ ಒಳಗೆ ಸೀಸದ ಗುಂಡುಗಳು. ಅಲ್ಲಿ ಸುಳ್ಳು ಹೇಳಿದ್ದು ತಕ್ಕಡಿ. ಅನುಮಾನ ಹುಟ್ಟಿಸಿದ್ದು ಕಣ್ಣಳತೆ.

ಇಷ್ಟೆಲ್ಲ ಕೇಳಿದವರು ಯಾವ ಮೀನನ್ನೂ ನಂಬದ ಸ್ಥಿತಿಗೆ ಬರುವ ಅಪಾಯವೂ ಇದೆ. 2022ರ ನವೆಂಬರಿನಲ್ಲಿ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಕೆರೆಯೊಂದರಲ್ಲಿ ಸಿಕ್ಕ 67 ಪೌಂಡಿನ ಕಿತ್ತಳೆ ಬಣ್ಣದ ಮೀನಿನ ಫೋಟೋ ಜಗತ್ತನ್ನೆಲ್ಲ ಸುತ್ತಿತು. ಪತ್ರಿಕೆಗಳು ಅದನ್ನು ದೈತ್ಯ ಗೋಲ್ಡ್‌ಫಿಶ್ ಎಂದವು. ಗಾಜಿನ ಬುಟ್ಟಿಯ ಮೀನು ಅಷ್ಟು ಬೆಳೆಯುವುದುಂಟೇ ಎಂದು ನೋಡಿದವರು ಚಿತ್ರವೇ ಸುಳ್ಳೆಂದರು. ಚಿತ್ರ ಸುಳ್ಳಾಗಿರಲಿಲ್ಲ, ತಲೆಬರಹ ತಪ್ಪಾಗಿತ್ತು. ಅದು ಗೋಲ್ಡ್‌ಫಿಶ್ ಅಲ್ಲ. ಕೊಯಿ ಮತ್ತು ಲೆದರ್ ಕಾರ್ಪ್‌ಗಳ ಮಿಶ್ರತಳಿ. ಆ ಕೆರೆಯವರೇ ವರ್ಷಗಳ ಹಿಂದೆ ಬಿಟ್ಟು, ‘ಕ್ಯಾರೆಟ್’ ಎಂದು ಹೆಸರಿಟ್ಟು ಸಾಕಿಕೊಂಡದ್ದು. ಕಾರ್ಪ್ ಅಷ್ಟು ಬೆಳೆಯುವುದರಲ್ಲಿ ವಿಚಿತ್ರವೇನೂ ಇಲ್ಲ. ಮೀನಿನ ಜಾತಿ ಯಾವುದೆಂದು ತಿಳಿಯದೆ ಗಾತ್ರವನ್ನು ಅನುಮಾನಿಸಿದರೆ ಹೀಗಾಗುತ್ತದೆ.

ಅಸಲಿ ಫೋಟೋ, ಅಸಲಿ ಮೀನು, ಅಸಲಿ ಕತೆ ಮೂರೂ ಇದ್ದು ದಾಖಲೆ ದಕ್ಕದೆಹೋದದ್ದೂ ಉಂಟು. ಕ್ಯಾಲಿಫೋರ್ನಿಯಾದ ಡಿಕ್ಸನ್ ಕೆರೆಯಲ್ಲಿ 2006ರ ಮಾರ್ಚಿನಲ್ಲಿ ಮ್ಯಾಕ್ ವೀಕ್ಲಿ ಹಿಡಿದ ಲಾರ್ಜ್‌ಮೌತ್ ಬಾಸ್ ಕೈತಕ್ಕಡಿಯಲ್ಲಿ 25 ಪೌಂಡ್ 1 ಔನ್ಸ್ ತೂಗಿತು. ಆಗಿನ ವಿಶ್ವದಾಖಲೆ 22 ಪೌಂಡ್ 4 ಔನ್ಸ್. ಗಾಳ ಬಾಯಿಗೆ ಸಿಕ್ಕದೆ ಮೈಗೆ ಚುಚ್ಚಿತ್ತು. ಫೋಟೋ, ವಿಡಿಯೊ ಇದ್ದವು, ಉದ್ದ–ಸುತ್ತಳತೆ ತೆಗೆದಿರಲಿಲ್ಲ. ಮೀನನ್ನು ನೀರಿಗೆ ಬಿಟ್ಟ ಆತ ದಾಖಲೆಗೆ ಅರ್ಜಿಯನ್ನೂ ಹಾಕಲಿಲ್ಲ. ಎರಡು ವರ್ಷದ ಬಳಿಕ ಆ ಕೆರೆಯಲ್ಲಿ ಸತ್ತು ತೇಲಿದ ಮೀನು ಅದೇ ಎಂದು ಗೊತ್ತಾದದ್ದು ಕಿವಿರಿನ ಕೆಳಗಿದ್ದ ಒಂದು ಕಪ್ಪು ಚುಕ್ಕೆಯಿಂದ.

ಅವನು ಮುರಿಯಬಹುದಾಗಿದ್ದ ದಾಖಲೆಯ ಕತೆ ಇನ್ನೂ ಸ್ವಾರಸ್ಯದ್ದು. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗಮರಿ ಕೆರೆಯಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತಯುವಕ ಹಿಡಿದ ಬಾಸ್ ಅದು. ತೂಗಿ, ಪತ್ರಿಕೆಯ ಸ್ಪರ್ಧೆಗೆ ವಿವರ ಕಳಿಸಿ, ಮನೆಮಂದಿಯೆಲ್ಲ ಮೀನನ್ನು ಸಾರು ಮಾಡಿಯೋ ಹುರಿದೋ ತಿಂದು ಮುಗಿಸಿದರು. ಅದರದ್ದೆನ್ನುವ ಫೋಟೋ ಹೊರಬಂದದ್ದು ಏಳು ದಶಕ ಕಳೆದ ಮೇಲೆ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಬಾಸ್ ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಅಂತರರಾಷ್ಟ್ರೀಯ ದಾಖಲೆ ಸಂಸ್ಥೆಯಾದ ಐಜಿಎಫ್‌ಎ ತಿಂಗಳುಗಟ್ಟಲೆ ವಿಚಾರಣೆ ನಡೆಸಿ, ಆತನನ್ನು ಸುಳ್ಳುಪತ್ತೆ ಯಂತ್ರದ ಮುಂದೆಯೂ ಕೂರಿಸಿತು. ಕೊನೆಗೆ ಸಿಕ್ಕದ್ದು ಜಂಟಿ ದಾಖಲೆ, ಏಕೆಂದರೆ 25 ಪೌಂಡಿಗಿಂತ ಕಡಿಮೆಯ ಮೀನಿಗೆ ಕನಿಷ್ಠ ಎರಡು ಔನ್ಸ್ ಅಂತರ ಬೇಕು. ಪೆರ್ರಿ ಸುಳ್ಳು ಹೇಳಿದನೆನ್ನಲು ಆಧಾರವಿಲ್ಲ. ಆದರೆ ಇಂದಿನ ನಿಯಮದಲ್ಲಿ ಅವನ ಅರ್ಜಿ ಮೊದಲ ಮೇಜನ್ನೂ ದಾಟುತ್ತಿರಲಿಲ್ಲ. ಹೊಸಬನಿಗೆ ಪಾಟಿಸವಾಲು, ಹಳಬನಿಗೆ ಗೌರವ ಎನ್ನುವುದು ನ್ಯಾಯವಲ್ಲ. ಹಳೆಯ ದಾಖಲೆಗಳನ್ನು ಅಳಿಸಬೇಕಿಲ್ಲ, ಬೇರೆ ಪಟ್ಟಿಯಲ್ಲಿಟ್ಟು ‘ಆ ಕಾಲದ ಪುರಾವೆಯ ಮೇಲೆ’ ಎಂದು ಬರೆದರೆ ಸಾಕು.

ಹಿಡಿದು ಬಿಡುವ ಪದ್ಧತಿ ಬಂದ ಮೇಲೆ ಈ ತೊಡಕು ಬಿಗಿಯಾಗಿದೆ. ಮೀನು ಬದುಕಬೇಕು, ಆದ್ದರಿಂದ ಅದನ್ನು ಊರಿನ ತಕ್ಕಡಿಗೆ ಒಯ್ಯುವಂತಿಲ್ಲ. ಉಳಿಯುವುದು ಫೋಟೋ ಮಾತ್ರ. ಹಾಗಾಗಿ ಪುರಾವೆಯನ್ನು ಫೋಟೋ ತೆಗೆಯುವ ಹೊತ್ತಿಗೇ ಅದರೊಳಗೆ ಇಡಬೇಕು. ಐಜಿಎಫ್‌ಎ ಬಿಟ್ಟ ಮೀನುಗಳಿಗೆಂದೇ ಉದ್ದದ ದಾಖಲೆಯ ವಿಭಾಗ ತೆರೆದು, ತಾನು ಒಪ್ಪಿದ ಅಳತೆಪಟ್ಟಿಯ ಮೇಲೆ ಮೀನನ್ನು ಮಲಗಿಸಿ ಫೋಟೋ ತೆಗೆಯಬೇಕೆಂದಿತು. ಅಲ್ಲಿ ತೋಳು ಚಾಚಲು ಎಡೆಯೇ ಇಲ್ಲ. 2022ರ ಜೂನ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ ಬೆಸ್ತರ ಗಾಳಕ್ಕೆ ಸಿಕ್ಕ 300 ಕಿಲೋದ ತೊರಕೆ ಮೀನಿನ (ಸ್ಟಿಂಗ್‌ರೇ) ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಬೆಸ್ತರು ಸಂಶೋಧಕರಿಗೆ ಸುದ್ದಿ ಕೊಟ್ಟಿದ್ದರು. ಅವರು ಬಂದು ತೂಗಿ, ಸುಮಾರು ನಾಲ್ಕು ಮೀಟರ್ ಉದ್ದವನ್ನು ಅಳೆದು, ಮೈಗೆ ಸಂಕೇತ ಕಳಿಸುವ ಟ್ಯಾಗ್ ಜೋಡಿಸಿ ನದಿಗೆ ಬಿಟ್ಟರು. ಅಲ್ಲಿ ಫೋಟೋ ಪುರಾವೆಯ ಒಂದು ಎಳೆ ಮಾತ್ರ.

ಕನ್ನಡನಾಡಿನಲ್ಲಿ ಈ ಚರ್ಚೆ ಕಾವೇರಿಯ ದಡಕ್ಕೆ ಬಂದು ನಿಲ್ಲುತ್ತದೆ. ಹೆನ್ರಿ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ಗಾಳದ ಬಗ್ಗೆ ಪುಸ್ತಕ ಬರೆದಾಗಿನಿಂದ ದಕ್ಷಿಣದ ಮಹಶೀರ್ ಪರದೇಶದ ಗಾಳಗಾರರ ಕನಸಾಗಿತ್ತು. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮಕ್ಕೆ ಜೀವಂತ ರೂಪ ಕೊಟ್ಟು ಹೆಸರಾದ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ಇತ್ತೆಂಬುದು ಇಂದಿಗೂ ಉಲ್ಲೇಖವಾಗುವ ದಾಖಲೆ. ಆಮೇಲೆ ದೊಡ್ಡ ಮೀನುಗಳೇ ಇಲ್ಲವೇನೋ ಎನ್ನುವಾಗ 1978ರಲ್ಲಿ ಇಂಗ್ಲೆಂಡಿನಿಂದ ಬಂದ ತಂಡವೊಂದು 92 ಪೌಂಡಿನ ಮೀನು ಹಿಡಿದು ಸುದ್ದಿ ಮಾಡಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಗಳಲ್ಲಿ ಶಿಬಿರಗಳೆದ್ದವು. ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ, ಸೊಂಟದ ಮಟ್ಟದ ನೀರಿನಲ್ಲಿ ಮೀನನ್ನು ತಬ್ಬಿ ಒಂದು ಫೋಟೋ, ಪುಸ್ತಕದಲ್ಲಿ ತೂಕ ಬರೆದು ಮೀನನ್ನು ಬಿಡುವುದು: ಹೀಗೆ ನಡೆಯಿತು ದಂಧೆ.

ಆ ಫೋಟೋಗಳ ಮೂಲ ಉದ್ದೇಶ ಜಂಬವೇ. ವಿಲಾಯತಿ ಬೈಠಕ್‌ಖಾನೆಯ ಗೋಡೆಗೆ ಹೋಗಬೇಕಾದವು. ಆದರೆ ಅವುಗಳಲ್ಲಿ ಗಾಳಗಾರರು ಗಮನಿಸದ ಒಂದು ಸಂಗತಿ ಇತ್ತು. ಹಳೆಯ ಚಿತ್ರಗಳ ಮೀನಿಗೆ ತಲೆಯ ಹಿಂದೆ ಎದ್ದ ಗೂನುಬೆನ್ನು, ಕಿತ್ತಳೆ ಛಾಯೆಯ ಬಾಲ. ಇತ್ತೀಚಿನವುಗಳಲ್ಲಿ ಹೆಚ್ಚಿನವು ನೀಲಿ ರೆಕ್ಕೆಯ ಬೇರೆ ಮೀನು. 1970ರ ದಶಕದಿಂದ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ಅನೇಕ ನೀರಿಗೆ ಬಿಡಲಾಗಿತ್ತು, ಕಾವೇರಿಗೂ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು 1998ರಿಂದ 2012ರವರೆಗಿನ ಗಾಳಿಬೋರೆ ಶಿಬಿರದ ದಾಖಲೆಗಳನ್ನು ಹರವಿ ಕೂತಾಗ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಸಿಕ್ಕಿತು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರುತ್ತಿದ್ದರೂ ಗೂನುಬೆನ್ನಿನದು ಕುಸಿಯುತ್ತಿತ್ತು. ಲೋಕವೆಲ್ಲ ಕೊಂಡಾಡಿದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಕೂಡ ನಿಂತಿರಲಿಲ್ಲ. 2018ರಲ್ಲಿ ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿ, ಇದು ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿಸಲಾದ ಟಾರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ ಐಯುಸಿಎನ್ ಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಯಾಯಿತು.

ಇಲ್ಲಿ ‘ತೂಕ ನಿಜವೋ’ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಗಾಳಗಾರ ಎಂಬತ್ತು ಪೌಂಡನ್ನು ತೊಂಬತ್ತು ಎಂದಿದ್ದರೂ ಗೂನು ಸುಳ್ಳಲ್ಲ, ಬಾಲದ ಬಣ್ಣ ಸುಳ್ಳಲ್ಲ. ತೂಕವನ್ನು ಅನುಮಾನಿಸಿ ಫೋಟೋವನ್ನೇ ಬಿಸಾಡಿದ್ದರೆ ಒಂದು ಜಾತಿ ಕಣ್ಮರೆಯಾಗುತ್ತಿರುವ ಪುರಾವೆಯೂ ಕಸಕ್ಕೆ ಹೋಗುತ್ತಿತ್ತು. ಒಂದು ಫೋಟೋ ಒಂದು ವಿಷಯದಲ್ಲಿ ಸುಳ್ಳಾಡಿದ್ದರಿಂದ ಎಲ್ಲದರಲ್ಲೂ ಸುಳ್ಳಾಡಿದೆ ಎನ್ನುವ ವಾದ ಅವಸರದ್ದು.

ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ವಿರುದ್ಧವೆಂಬ ನಿಲುವು ಬಲವಾಗಿ ಕಾವೇರಿ ದಡದ ಆ ಶಿಬಿರಗಳ ಗಾಳ ನಿಂತಿತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಅದರೊಂದಿಗೆ ಹೊಸ ಫೋಟೋಗಳ ಹರಿವೂ ನಿಂತಿತು ಎಂಬುದು ಮಾತ್ರ ಖಚಿತ. ಹೀಗಾಗಿ ಬೆಂಗಳೂರು, ಮೈಸೂರು, ಕೊಡಗಿನ ಮನೆಗಳಲ್ಲೂ ಇಂಗ್ಲೆಂಡಿನ ಮನೆಗಳಲ್ಲೂ ಇರುವ ಹಳೆಯ ಆಲ್ಬಮ್‌ಗಳಿಗೆ ಈಗ ಬೆಲೆ ಬಂದಿದೆ. ಅಂಥ ಎಷ್ಟೋ ಫೋಟೋಗಳಲ್ಲಿ ಮೀನಿನ ಪಕ್ಕದಲ್ಲೇ, ಅದೇ ಮರಳಿನ ಮೇಲೆ, ಗಾಳದ ಕೋಲು ಮತ್ತು ರೀಲು ಒರಗಿರುತ್ತವೆ. ರೀಲು ಕಂಪನಿಯ ಮಾಲು; ಯಾವ ಮಾದರಿಯದೆಂದು ಗೊತ್ತಾದರೆ ಅದರ ಅಗಲ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಮೀನಿನಷ್ಟೇ ದೂರದಲ್ಲೂ ಇದೆ. ಅಲ್ಲಿಂದ ಮೀನಿನ ಉದ್ದ, ಉದ್ದದಿಂದ ತೂಕದ ಅಂದಾಜು ಇಂದೂ ತೆಗೆಯಬಹುದು. ಮೀನುಗಾರಿಕೆ ಕಾಲೇಜೊಂದು ಆ ಆಲ್ಬಮ್‌ಗಳನ್ನು ಕೇಳಿ ಪಡೆದು, ಹಿಂಬದಿಯಲ್ಲಿ ಬರೆದ ತಾರೀಖು–ಜಾಗಗಳ ಸಮೇತ ಸ್ಕ್ಯಾನ್ ಮಾಡಿಸಿಟ್ಟರೆ, ಕಾವೇರಿಯ ಯಾವ ಮಡುವಿನಲ್ಲಿ ಯಾವ ವರ್ಷದವರೆಗೆ ಗೂನುಬೆನ್ನಿನ ಮೀನು ಇತ್ತು ಎಂಬುದರ ನಕ್ಷೆ ಬರೆಯಲು ಸಾಮಗ್ರಿ ದೊರೆಯುತ್ತದೆ.